ಮೇಜು ಮತ್ತು ಬೀರು: ಕೇಂದ್ರಸ್ಥ ಡೆಸ್ಕ್‌ಟಾಪಿನ ಇತಿಹಾಸಕಥನದ ಒಂದು ವಿಮರ್ಶೆ

ಕಚೇರಿಯಲ್ಲಿ ನೌಕರನೊಬ್ಬನಿಗೆ ಒಂದರಂತೆ ಇರಿಸಿದ್ದ ಗಣಕಯಂತ್ರಗಳನ್ನು ತೆಗೆದು, ಅವುಗಳ ಕೆಲಸವನ್ನೆಲ್ಲ ದೂರದ ದತ್ತಾಂಶ ಕೇಂದ್ರವೊಂದರ ಸರ್ವರುಗಳಿಗೆ ವಹಿಸಿ, ನೌಕರನ ಮುಂದೆ ಪರದೆ, ಕೀಲಿಮಣೆ, ಮೌಸುಗಳನ್ನು ಮಾತ್ರ ಉಳಿಸುವ ಪದ್ಧತಿಗೆ ವರ್ಚುವಲ್ ಡೆಸ್ಕ್‌ಟಾಪ್ ಎಂಬ ಹೆಸರು ರೂಢವಾಗಿದೆ. ಇದರ ಗುಣದೋಷಗಳನ್ನು ಕುರಿತು ತಂತ್ರಜ್ಞರೂ ವ್ಯಾಪಾರಿಗಳೂ ಬರೆದಿರುವುದು ಹೇರಳವಾಗಿದೆ. ಇತಿಹಾಸದ ಅಧ್ಯಾಪಕನೊಬ್ಬನು ಇಲ್ಲಿ ಕೈಯಿಡುವುದಕ್ಕೆ ಕಾರಣವೇನೆಂದು ವಾಚಕರು ಕೇಳಬಹುದು. ಕಾರಣವಿಷ್ಟೆ: ಈ ಬರಹಗಳಲ್ಲಿ ಬಹುಪಾಲು ತಮ್ಮ ವಾದಕ್ಕೆ ಇತಿಹಾಸದ ಬೆಂಬಲವನ್ನು ಕೋರುತ್ತವೆ. ಹಾಗೆ ಕೋರಲಾದ ಇತಿಹಾಸ ನಿಜವಾದುದೆ ಎಂದು ಪರೀಕ್ಷಿಸುವುದು ಇತಿಹಾಸ ವಿಭಾಗದವರ ಕೆಲಸವಾಗಿದೆ.

ಆ ಕಥನವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಮೊದಲು ಒಂದೇ ದೊಡ್ಡ ಯಂತ್ರವಿದ್ದಿತು. ಎಲ್ಲರೂ ಅದನ್ನು ಆಶ್ರಯಿಸಿದ್ದರು. ೧೯೮೧ರ ಆಗಸ್ಟಿನಲ್ಲಿ ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಹೊರಬಂದ ತರುವಾಯ ಯಂತ್ರ ಪ್ರತಿಯೊಬ್ಬನ ಮೇಜಿಗೂ ಬಂದಿತು. ಈಗ ಅದು ಮರಳಿ ಕೇಂದ್ರಕ್ಕೆ ಹೋಗುತ್ತಿದೆ. ಲೋಲಕವು ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂಗುವುದು ಪ್ರಕೃತಿನಿಯಮ; ಆದುದರಿಂದ ಇದರಲ್ಲಿ ಅಂಜುವುದಕ್ಕಾಗಲಿ ವಾದಿಸುವುದಕ್ಕಾಗಲಿ ಏನೂ ಇಲ್ಲ. ಈ ಉಪಮೆ ಕಿವಿಗೆ ಹಿತವಾಗಿದೆ. ಆದರೆ ಲೋಲಕಕ್ಕೆ ಉದ್ದೇಶವಿಲ್ಲ, ಯಜಮಾನನಿಲ್ಲ, ಕರಾರುಪತ್ರವಿಲ್ಲ. ಮನುಷ್ಯರು ಕಾರಣಪೂರ್ವಕವಾಗಿ ಮಾಡಿದ ಏರ್ಪಾಟುಗಳನ್ನು ತನ್ನಷ್ಟಕ್ಕೆ ನಡೆದ ಚಲನೆಯೆಂದು ಬಣ್ಣಿಸುವ ಉಪಮೆಯನ್ನು ಇತಿಹಾಸಕಾರನು ಸಂದೇಹದಿಂದ ನೋಡಬೇಕಾಗುತ್ತದೆ.

ಮೊದಲನೆಯದಾಗಿ, ಲೋಲಕ ಹೊರಟಿತೆಂದು ಹೇಳುವ ಆ ಕೊನೆಯನ್ನೇ ನೋಡೋಣ. ೧೯೫೦ರ ದಶಕದಲ್ಲಿ ಯಂತ್ರವನ್ನು ಬಳಸಬೇಕಾದವನು ತನ್ನ ಲೆಕ್ಕವನ್ನು ರಂಧ್ರಪತ್ರಗಳ ಕಟ್ಟಾಗಿ ನಿರ್ವಾಹಕರ ಕೈಗೆ ಕೊಟ್ಟು, ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೆ, ಫಲಿತಾಂಶಕ್ಕಾಗಿ ಕಾದಿರುತ್ತಿದ್ದನು. ಯಂತ್ರಕ್ಕೂ ಅವನಿಗೂ ನೇರವಾದ ಸಂಬಂಧವೇ ಇರಲಿಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾತೊ ಮತ್ತು ಅವರ ಸಂಗಡಿಗರು ೧೯೬೧ರ ನವೆಂಬರಿನಲ್ಲಿ ಪ್ರದರ್ಶಿಸಿದ ಸಿಟಿಎಸ್‌ಎಸ್ ಎಂಬ ಕಾಲಹಂಚಿಕೆ ವ್ಯವಸ್ಥೆ ಈ ಸ್ಥಿತಿಯನ್ನು ಬದಲಾಯಿಸಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಮೂವತ್ತು ಮಂದಿ ಒಂದೇ ಯಂತ್ರದ ಮುಂದೆ, ಅವರವರ ಟೈಪ್‌ರೈಟರಿನಂಥ ಉಪಕರಣದ ಬಳಿ ಕುಳಿತು, ಯಂತ್ರ ತಮಗೊಬ್ಬರಿಗೇ ಮೀಸಲೋ ಎಂಬಂತೆ ಕೆಲಸ ಮಾಡುವುದು ಸಾಧ್ಯವಾಯಿತು. ಪ್ರತಿಯೊಬ್ಬನಿಗೂ ತನ್ನದೇ ಆದ ಫೈಲುಗಳು ದೊರೆತವು. ಅವುಗಳನ್ನು ಇತರರು ತೆರೆಯದಂತೆ ಗುಪ್ತಪದವೂ ದೊರೆಯಿತು. ೧೯೬೧ರಲ್ಲಿಯೇ ಅದೇ ಸಂಸ್ಥೆಯ ಶತಮಾನೋತ್ಸವದ ಉಪನ್ಯಾಸವೊಂದರಲ್ಲಿ ಜಾನ್ ಮೆಕಾರ್ಥಿಯವರು, ಗಣನಶಕ್ತಿಯೂ ಮುಂದೊಂದು ದಿನ ದೂರವಾಣಿಯಂತೆ ಸಾರ್ವಜನಿಕ ಸೌಕರ್ಯವಾಗಬಹುದೆಂಬ ಅಭಿಪ್ರಾಯವನ್ನು ಮುಂದಿಟ್ಟರು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಆ ಕಾಲದ ಕೇಂದ್ರಯಂತ್ರ ಬಳಕೆದಾರನಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಅವನ ಬಳಿ ಮೊದಲು ಏನೂ ಇರಲಿಲ್ಲ. ಕಾಲಹಂಚಿಕೆ ಅವನಿಗೆ ಹೊಸದಾಗಿ ಒಂದು ಸ್ವತ್ತನ್ನು ಕೊಟ್ಟಿತು. ಇಂದಿನ ವರ್ಚುವಲ್ ಡೆಸ್ಕ್‌ಟಾಪಾದರೋ ಮೊದಲೇ ಮೇಜಿನ ಮೇಲೆ ಇದ್ದುದನ್ನು ತೆಗೆದುಕೊಂಡು ಹೋಗಿ, ಅದರ ಚಿತ್ರವನ್ನು ಹಿಂದಿರುಗಿಸುತ್ತದೆ. ಎರಡರಲ್ಲಿಯೂ ಯಂತ್ರ ದೂರದಲ್ಲಿದೆ ಎಂಬ ಮಾತು ನಿಜವೆ. ಹಾಗೆಂದು ಎರಡನ್ನೂ ಒಂದೇ ಬಿಂದುವಿನಲ್ಲಿ ನಿಲ್ಲಿಸುವುದು, ಊರಿಗೆ ಬಂದ ರೈತನೂ ಊರು ಬಿಟ್ಟ ರೈತನೂ ಒಂದೇ ದಾರಿಯಲ್ಲಿ ನಡೆದರೆಂದು ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದಂತಾಗುವುದು.

ಇನ್ನೊಂದು ಅಂಶವಿದೆ. ಸಿಟಿಎಸ್‌ಎಸ್‌ನ ಉತ್ತರಾಧಿಕಾರಿಯಾದ ಮಲ್ಟಿಕ್ಸ್ ವ್ಯವಸ್ಥೆಯ ಫೈಲುಗಳ ರಚನೆಯನ್ನು ಕುರಿತು ಡೇಲಿ ಮತ್ತು ನ್ಯೂಮನ್ ಎಂಬವರು ೧೯೬೫ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅನೇಕರ ಬರವಣಿಗೆಯನ್ನು ಒಂದೆಡೆ ಇರಿಸಿಕೊಳ್ಳುವವನು ಅದರ ನಕಲನ್ನು ನಿಯತಕಾಲದಲ್ಲಿ ಬೇರೆ ಸುರುಳಿಗಳ ಮೇಲೆ ಇಳಿಸಿಕೊಳ್ಳುತ್ತಿರಬೇಕೆಂಬ ವಿಷಯಕ್ಕೆ ಅದರಲ್ಲಿ ಪ್ರತ್ಯೇಕವಾದ ಸ್ಥಾನವಿದೆ. ವ್ಯವಸ್ಥೆ ಇನ್ನೂ ಕಾಗದದ ಮೇಲಿದ್ದಾಗಲೇ ಅದರ ಕರ್ತರಿಗೆ ಈ ಹೊಣೆಯ ಅರಿವು ಇದ್ದಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರ ಪ್ರಸಕ್ತಿ ಬರುತ್ತದೆ.

ಇನ್ನು ಡೆಸ್ಕ್‌ಟಾಪ್ ಎಂಬ ಶಬ್ದ. ಅದರ ಅರ್ಥ ಮೇಜಿನ ಮೇಲ್ಭಾಗ ಎಂದಷ್ಟೆ. ಪರದೆಯನ್ನು ಮೇಜಿನಂತೆ ಚಿತ್ರಿಸಿ, ಅದರ ಮೇಲೆ ಕಾಗದ, ಕಡತ, ಟಪಾಲು ತಟ್ಟೆಗಳ ಚಿಹ್ನೆಗಳನ್ನು ಇರಿಸುವ ಕಲ್ಪನೆ ಜೆರಾಕ್ಸ್ ಸಂಸ್ಥೆಯಲ್ಲಿ ಬೆಳೆಯಿತು. ೧೯೮೧ರಲ್ಲಿ ಆ ಸಂಸ್ಥೆ ಮಾರಾಟಕ್ಕಿಟ್ಟ ಸ್ಟಾರ್ ಎಂಬ ಯಂತ್ರದಲ್ಲಿ ಅದು ಪೂರ್ಣರೂಪವನ್ನು ಪಡೆಯಿತು. ಈ ಸ್ಟಾರ್ ಯಂತ್ರವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಚಿಹ್ನೆಗಳ ಅಂದವನ್ನು ಹೊಗಳಿ ಮುಂದೆ ಸಾಗುತ್ತಾರೆ. ನಮಗೆ ಹೆಚ್ಚು ಮುಖ್ಯವಾಗಿ ತೋರುವುದು ಅದರಲ್ಲಿದ್ದ ಒಂದು ವಿಭಾಗಕ್ರಮ. ಮೇಜಿನ ಮೇಲಿನ ಕಾಗದಗಳು ಬಳಕೆದಾರನ ಯಂತ್ರದಲ್ಲಿಯೇ ಇರುತ್ತಿದ್ದವು. ಕಡತದ ಬೀರುವಿನ ಚಿಹ್ನೆಯನ್ನು ತೆರೆದರೆ ಮಾತ್ರ ಜಾಲದ ಇನ್ನೊಂದು ತುದಿಯಲ್ಲಿ ಎಲ್ಲರಿಗೂ ಸೇರಿದ ಸರ್ವರ್ ದೊರೆಯುತ್ತಿತ್ತು. ಮೇಜು ಸ್ವಂತದ್ದು, ಬೀರು ಕಚೇರಿಯದು. ಬರೆಯುತ್ತಿರುವಾಗ ಕಾಗದ ಮೇಜಿನ ಮೇಲಿರುವುದು. ಮುಗಿದು ರುಜುವಾದ ಮೇಲೆ ಬೀರುವಿಗೆ ಹೋಗುವುದು. ಯಾವ ಕಚೇರಿಯ ಗುಮಾಸ್ತನಿಗಾದರೂ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಲೋಲಕದ ಕಥನಕ್ಕೆ ಈ ಭೇದ ಕಾಣಿಸುವುದಿಲ್ಲ. ಅದಕ್ಕೆ ಕಾಣಿಸುವುದು ಯಂತ್ರ ಎಲ್ಲಿದೆ ಎಂಬುದು ಮಾತ್ರ. ನಮ್ಮ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಮುಗಿಯದ ಕಾಗದ ಯಾರ ವಶದಲ್ಲಿದೆ, ಅದು ಉಳಿಯಬೇಕೆ ಅಳಿಯಬೇಕೆ ಎಂಬುದನ್ನು ನಿರ್ಣಯಿಸುವವರು ಯಾರು?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ವರ್ಚುವಲ್ ಡೆಸ್ಕ್‌ಟಾಪಿನ ರಚನೆಯನ್ನು ನೋಡಿದರೆ ಅದರ ನವೀನತೆ ವಿಶದವಾಗುವುದು. ಒಂದು ಯಂತ್ರದೊಳಗೆ ಅನೇಕ ಯಂತ್ರಗಳು ಇರುವಂತೆ ತೋರಿಸುವ ವಿದ್ಯೆ ಹಳೆಯದೆ. ಐಬಿಎಂ ಸಂಸ್ಥೆ ೧೯೭೨ರಲ್ಲಿ ವಿಎಂ/೩೭೦ ಎಂಬ ವ್ಯವಸ್ಥೆಯಾಗಿ ಅದನ್ನು ಗ್ರಾಹಕರಿಗೆ ಒದಗಿಸಿತು. ಸಿಟ್ರಿಕ್ಸ್ ಸಂಸ್ಥೆಯ ವಿನ್‌ಫ್ರೇಮ್ ೧೯೯೫ರಲ್ಲಿಯೂ, ಮೈಕ್ರೋಸಾಫ್ಟಿನ ಟರ್ಮಿನಲ್ ಸರ್ವರ್ ೧೯೯೮ರಲ್ಲಿಯೂ ಬಂದು, ಒಂದೇ ಸರ್ವರಿನ ವಿಂಡೋಸನ್ನು ಹಲವರು ದೂರದಿಂದ ಹಂಚಿಕೊಳ್ಳುವುದು ಸಾಧ್ಯವಾಯಿತು. ವಿಎಂವೇರ್ ಮೊದಲಾದ ಸಂಸ್ಥೆಗಳು ೨೦೦೬ರ ಸುಮಾರಿಗೆ ಪ್ರಚಾರಕ್ಕೆ ತಂದ ಪದ್ಧತಿಯಲ್ಲಿ ಪ್ರತಿಯೊಬ್ಬ ನೌಕರನಿಗೂ ಸರ್ವರಿನೊಳಗೆ ಒಂದು ಇಡೀ ಕಲ್ಪಿತ ಯಂತ್ರವೇ ಮೀಸಲಾಗುತ್ತದೆ. ಅದರ ಪರದೆಯ ಚಿತ್ರ ಜಾಲದ ಮೂಲಕ ನೌಕರನ ಕಡೆಗೂ, ಅವನು ಒತ್ತಿದ ಕೀಲಿಗಳ ಸಂಜ್ಞೆ ಸರ್ವರಿನ ಕಡೆಗೂ ಹರಿಯುತ್ತವೆ. ೨೦೧೯ರ ಸೆಪ್ಟೆಂಬರಿನಿಂದೀಚೆಗೆ ಮೈಕ್ರೋಸಾಫ್ಟ್ ತನ್ನ ದತ್ತಾಂಶ ಕೇಂದ್ರಗಳಿಂದಲೇ ಇಂಥ ಯಂತ್ರಗಳನ್ನು ಒದಗಿಸತೊಡಗಿದೆ. ಸರ್ವರು ಕೂಡ ಕಚೇರಿಯದಾಗಿರಬೇಕಾದ ಅವಶ್ಯಕತೆ ಉಳಿದಿಲ್ಲ.

ಈ ಕಲ್ಪಿತ ಯಂತ್ರಗಳಲ್ಲಿ ಎರಡು ಬಗೆ. ಒಂದರಲ್ಲಿ ನೌಕರನಿಗೆ ದಿನವೂ ಅದೇ ಯಂತ್ರ ದೊರೆಯುವುದು; ನಿನ್ನೆ ಇಟ್ಟದ್ದು ಇಂದೂ ಇರುವುದು. ಇನ್ನೊಂದರಲ್ಲಿ ಎಲ್ಲರ ಯಂತ್ರಗಳೂ ಒಂದು ಮೂಲಪ್ರತಿಯ ಪಡಿಯಚ್ಚುಗಳು. ನೌಕರನು ಕೆಲಸ ಮುಗಿಸಿ ಹೊರಬಿದ್ದೊಡನೆ ಅವನ ಯಂತ್ರ ಅಳಿದುಹೋಗಿ, ಮರುದಿನ ಮೂಲಪ್ರತಿಯಿಂದ ಹೊಸದೊಂದು ಹುಟ್ಟುವುದು. ಅವನು ನಿಯತವಾದ ಜಾಗದಲ್ಲಿ ಉಳಿಸಿದುದು ಉಳಿಯುತ್ತದೆ, ಹೊರಗೆ ಇಟ್ಟುದು ಅಳಿಯುತ್ತದೆ. ಶೇಖರಣೆಯ ಖರ್ಚೂ ನಿರ್ವಹಣೆಯ ಶ್ರಮವೂ ಎರಡನೆಯ ಬಗೆಯಲ್ಲಿ ಕಡಿಮೆಯಾದ ಕಾರಣ ಆಡಳಿತಗಾರರಿಗೆ ಅದರ ಮೇಲೆ ಒಲವು ಹೆಚ್ಚು. ಪ್ರತಿದಿನ ಸಂಜೆ ಯಾರೋ ಬಂದು ಮೇಜನ್ನು ಒರೆಸಿ, ಮೇಲಿದ್ದ ಚೀಟಿಗಳನ್ನೆಲ್ಲ ಒಲೆಗೆ ಹಾಕಿ ಹೋಗುವ ಕಚೇರಿಯನ್ನು ವಾಚಕರು ಊಹಿಸಿಕೊಂಡರೆ ಸಾಕು.

ಇದರ ಸಮರ್ಥಕರು ಮಿತವ್ಯಯವನ್ನು ಮೊದಲು ಹೇಳುತ್ತಾರೆ. ಅದನ್ನು ಬಹಳ ವಿಸ್ತರಿಸಬೇಕಾದುದಿಲ್ಲ. ಮೇಜಿನ ಯಂತ್ರದ ಬೆಲೆ ಕಡಿಮೆಯಾಗುವುದು ದಿಟ. ಸರ್ವರು, ಶೇಖರಣೆ, ಜಾಲ ಮತ್ತು ವಾರ್ಷಿಕ ಪರವಾನಗಿಗಳ ಖರ್ಚು ಏರುವುದೂ ಅಷ್ಟೇ ದಿಟ. ಬೆಳಗ್ಗೆ ಹತ್ತು ಗಂಟೆಗೆ ಕಚೇರಿಯವರೆಲ್ಲ ಒಮ್ಮೆಗೇ ಪ್ರವೇಶಿಸಿದಾಗ ಬೀಳುವ ಹೊರೆಯನ್ನು ತಡೆಯುವುದಕ್ಕಾಗಿ, ದಿನದ ಉಳಿದ ಹೊತ್ತಿನಲ್ಲಿ ಬೇಡವಾಗುವಷ್ಟು ಸಾಮರ್ಥ್ಯವನ್ನು ಕೊಂಡಿಡಬೇಕಾಗುತ್ತದೆ. ಇದಕ್ಕಿಂತ ಗಂಭೀರವಾದುದು ಒಡೆತನದ ಬದಲಾವಣೆ. ವಿಎಂವೇರನ್ನು ೨೦೨೩ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕೊಂಡುಕೊಂಡಿತು. ಮರುತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟ ನಿಂತು ಎಲ್ಲವೂ ಚಂದಾ ರೂಪಕ್ಕೆ ತಿರುಗಿತು. ಅದರ ಡೆಸ್ಕ್‌ಟಾಪ್ ಶಾಖೆ ಬೇರೆಯವರಿಗೆ ಮಾರಾಟವಾಗಿ ೨೦೨೪ರಲ್ಲಿ ಓಮ್ನಿಸ್ಸಾ ಎಂಬ ಹೊಸ ಹೆಸರಿನ ಸಂಸ್ಥೆಯಾಯಿತು. ಸಿಟ್ರಿಕ್ಸ್ ೨೦೨೨ರಲ್ಲಿಯೇ ಹೂಡಿಕೆದಾರರ ಪಾಲಾಗಿತ್ತು. ಮೇಜಿನ ಮೇಲಿನ ಯಂತ್ರ ಹಳೆಯದಾದರೂ ಇನ್ನೆರಡು ವರ್ಷ ತಳ್ಳಬಹುದು. ಬಾಡಿಗೆಯ ಮೇಜಿಗೆ ಆ ಸೌಲಭ್ಯವಿಲ್ಲ.

ಭದ್ರತೆಯ ವಾದ ಇದಕ್ಕಿಂತ ಬಲವಾದುದು. ಅದನ್ನು ನ್ಯಾಯವಾಗಿ ಎದುರಿಸಬೇಕು. ಕಳೆದುಹೋದ ಅಥವಾ ಕಳವಾದ ಯಂತ್ರದೊಡನೆ ಕಚೇರಿಯ ಗುಟ್ಟುಗಳೂ ಹೋಗುವ ಅಪಾಯವನ್ನು ಈ ಪದ್ಧತಿ ನಿವಾರಿಸುತ್ತದೆ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ದೆಸೆಯಿಂದ ಕಚೇರಿಗಳು ಮುಚ್ಚಿದಾಗ ಬೆಂಗಳೂರಿನ ಹಲವು ಸಂಸ್ಥೆಗಳು ಮೇಜಿನ ಗಣಕಯಂತ್ರಗಳನ್ನೇ ವಾಹನಗಳಲ್ಲಿ ಹೇರಿ ನೌಕರರ ಮನೆಗಳಿಗೆ ಸಾಗಿಸಬೇಕಾಯಿತು. ವರ್ಚುವಲ್ ಡೆಸ್ಕ್‌ಟಾಪ್ ಮೊದಲೇ ಇದ್ದವರಿಗೆ ಆ ಪಾಡು ಬರಲಿಲ್ಲ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶದ ದೋಷಯುಕ್ತ ಪರಿಷ್ಕರಣವೊಂದರಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ಬಹಳ ಕಡೆಗಳಲ್ಲಿ ಒಬ್ಬೊಬ್ಬರು ಒಂದೊಂದು ಯಂತ್ರದ ಬಳಿಗೆ ಹೋಗಿ ಕೈಯಾರೆ ಸರಿಪಡಿಸಬೇಕಾಯಿತು. ಎಲ್ಲ ಯಂತ್ರಗಳೂ ಒಂದೇ ಮೂಲಪ್ರತಿಯ ಪಡಿಯಚ್ಚುಗಳಾಗಿದ್ದಲ್ಲಿ ಆ ಮೂಲವನ್ನು ತಿದ್ದಿದ್ದರೆ ಸಾಕಾಗುತ್ತಿತ್ತು. ಇದು ಕೇಂದ್ರವಾದಿಗಳ ಪರವಾದ ಸಾಕ್ಷ್ಯ. ಆದರೆ ಅದರ ಹಿಂದಿನ ದಿನ, ಜುಲೈ ೧೮ರಂದು, ಅಮೆರಿಕದ ಮಧ್ಯಭಾಗಕ್ಕೆ ಮೀಸಲಾದ ಮೈಕ್ರೋಸಾಫ್ಟಿನ ದತ್ತಾಂಶ ಕೇಂದ್ರವಲಯವೇ ವ್ಯತ್ಯಯಗೊಂಡು, ಅದನ್ನು ಆಶ್ರಯಿಸಿದ್ದ ಸೇವೆಗಳು ನಿಂತುಹೋಗಿದ್ದವು. ಎರಡು ದಿನಗಳ ಸಾಕ್ಷ್ಯದಲ್ಲಿ ಒಂದು ದಿನದ್ದನ್ನು ಮಾತ್ರ ಹೇಳುವವನನ್ನು ವಕೀಲನೆಂದು ಕರೆಯಬಹುದೇ ಹೊರತು ಇತಿಹಾಸಕಾರನೆಂದು ಕರೆಯಲಾಗದು.

ನಮ್ಮ ಭಾಷೆಗೆ ಸಂಬಂಧಿಸಿದ ಒಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬಹುದು. ಮೂಲಪ್ರತಿಯಲ್ಲಿ ಏನಿರಬೇಕೆಂದು ನಿರ್ಧರಿಸುವವರು ಕೇಂದ್ರದವರು. ನೌಕರನು ತನಗೆ ಬೇಕಾದುದನ್ನು ತಾನೇ ಸೇರಿಸಿಕೊಳ್ಳುವಂತಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ, ಯೂನಿಕೋಡ್ ಬಳಕೆಗೆ ಬರುವ ಮೊದಲು, ಸಿದ್ಧವಾದ ಕಡತಗಳು ನಮ್ಮ ಕಚೇರಿಗಳಲ್ಲಿಯೂ ವಿದ್ಯಾಸಂಸ್ಥೆಗಳಲ್ಲಿಯೂ ಅಸಂಖ್ಯಾತವಾಗಿವೆ. ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅವನ್ನು ತೆರೆದರೆ ಕಾಣುವುದು ಅರ್ಥಹೀನವಾದ ರೋಮನ್ ಚಿಹ್ನೆಗಳ ರಾಶಿ. ಮೂಲಪ್ರತಿಯನ್ನು ಸಿದ್ಧಪಡಿಸುವವನಿಗೆ ಕನ್ನಡ ಬಾರದಿದ್ದರೆ, ಅವನ ಮಟ್ಟಿಗೆ ಇದೊಂದು ದೋಷವೆಂದು ತೋರುವುದೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೇಜು ಮತ್ತು ಬೀರುಗಳ ಭೇದ ಅಳಿಸಿಹೋದರೆ ಏನಾಗುವುದೆಂಬುದಕ್ಕೆ ಇತ್ತೀಚೆಗೆ ದಕ್ಷಿಣ ಕೊರಿಯದಲ್ಲಿ ಒಂದು ನಿದರ್ಶನ ದೊರೆತಿದೆ. ಅಲ್ಲಿನ ಸರಕಾರಿ ನೌಕರರು ತಮ್ಮ ಕೆಲಸದ ಕಾಗದಗಳನ್ನು ಇಡುವುದಕ್ಕಾಗಿ ಜಿ-ಡ್ರೈವ್ ಎಂಬ ಕೇಂದ್ರ ಶೇಖರಣೆಯನ್ನು ಏರ್ಪಡಿಸಲಾಗಿತ್ತು. ಕಚೇರಿಯ ಗಣಕಯಂತ್ರಗಳಲ್ಲಿ ಏನನ್ನೂ ಉಳಿಸದೆ ಎಲ್ಲವನ್ನೂ ಅದರಲ್ಲಿಯೇ ಇಡಬೇಕೆಂದು ಸೂಚಿಸಲಾಗಿತ್ತು. ಪಾರಿಭಾಷಿಕವಾಗಿ ನೋಡಿದರೆ ಇದು ಪೂರ್ಣ ವರ್ಚುವಲ್ ಡೆಸ್ಕ್‌ಟಾಪ್ ಅಲ್ಲ. ಯಂತ್ರ ಮೇಜಿನ ಮೇಲೆಯೇ ಇದ್ದು ಕಾಗದಗಳು ಮಾತ್ರ ಕೇಂದ್ರಕ್ಕೆ ಹೋದ ವ್ಯವಸ್ಥೆ. ಆದರೆ ನಾವು ಎತ್ತಿರುವ ಪ್ರಶ್ನೆಯ ಮಟ್ಟಿಗೆ ಎರಡೂ ಒಂದೇ. ೨೦೨೫ರ ಸೆಪ್ಟೆಂಬರ್ ೨೬ರಂದು ದೇಜಾನ್ ನಗರದ ರಾಷ್ಟ್ರೀಯ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಹತ್ತಿತು. ೭೦೯ ಸರಕಾರಿ ವ್ಯವಸ್ಥೆಗಳು ಸ್ಥಗಿತವಾದವು. ಅವುಗಳಲ್ಲಿ ಬಹಳಷ್ಟನ್ನು ಕ್ರಮೇಣ ಎಬ್ಬಿಸಲಾಯಿತು. ಜಿ-ಡ್ರೈವನ್ನು ಮಾತ್ರ ಎಬ್ಬಿಸಲಾಗಲಿಲ್ಲ. ಅದರಲ್ಲಿದ್ದ ೮೫೮ ಟೆರಾಬೈಟ್ ಬರವಣಿಗೆಗೆ ಹೊರಗೆಲ್ಲಿಯೂ ನಕಲು ಇರಲಿಲ್ಲ. ಗಾತ್ರ ತೀರ ದೊಡ್ಡದಾದುದರಿಂದ ನಕಲು ಮಾಡಿರಲಿಲ್ಲವೆಂದು ಸಮಾಧಾನ ಹೇಳಲಾಯಿತು. ೧೯೬೫ರಲ್ಲಿ ಕಾಗದದ ಮೇಲೆಯೇ ಗುರುತಿಸಲಾಗಿದ್ದ ಹೊಣೆ ಅರುವತ್ತು ವರ್ಷಗಳ ತರುವಾಯ, ಗಣಕವಿದ್ಯೆಯಲ್ಲಿ ಮುಂದುವರಿದ ದೇಶವೊಂದರಲ್ಲಿ, ಹೀಗೆ ಕೈಬಿಟ್ಟುಹೋಯಿತು. ಲೋಲಕವು ತಾನು ಹಿಂದೆ ಇದ್ದ ಸ್ಥಳಕ್ಕೇ ಮರಳಿದ್ದರೆ ಸುರುಳಿಗಳ ನಕಲೂ ಜೊತೆಗೆ ಮರಳಬೇಕಾಗಿತ್ತು.

ಹಾನಿ ಎಲ್ಲರಿಗೂ ಒಂದೇ ಸಮನಾಗಿರಲಿಲ್ಲ ಎಂಬ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಸೂಚನೆಯನ್ನು ಅಷ್ಟಾಗಿ ಪಾಲಿಸದೆ, ತಮ್ಮ ಯಂತ್ರಗಳಲ್ಲಿಯೂ ಕಾಗದಗಳನ್ನು ಉಳಿಸಿಕೊಂಡಿದ್ದ ಇಲಾಖೆಗಳು ಪಾರಾದವು. ಅದನ್ನು ಅಕ್ಷರಶಃ ಪಾಲಿಸಿದ ಸಿಬ್ಬಂದಿ ನಿರ್ವಹಣಾ ಸಚಿವಾಲಯಕ್ಕೆ ಪೆಟ್ಟು ಬಲವಾಗಿ ಬಿದ್ದಿತು. ರುಜುವಾಗಿ ಹೊರಟ ಆಜ್ಞೆಗಳು ಮತ್ತು ಅಂತಿಮ ವರದಿಗಳು ಒನ್ನಾರಾ ಎಂಬ ಬೇರೊಂದು ವ್ಯವಸ್ಥೆಯಲ್ಲಿ ದಾಖಲಾಗಿರುವುದರಿಂದ ಅವು ಉಳಿದಿವೆಯೆಂದು ಅಲ್ಲಿನ ಸರಕಾರ ತಿಳಿಸಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಬೀರು ಉಳಿಯಿತು, ಮೇಜು ಸುಟ್ಟಿತು.

ಆಡಳಿತಗಾರನಿಗೆ ಇದು ಸಮಾಧಾನದ ಸುದ್ದಿಯಾಗಿರಬಹುದು. ಇತಿಹಾಸದ ವಿದ್ಯಾರ್ಥಿಗೆ ಅಲ್ಲ. ಅಂತಿಮ ಆಜ್ಞೆ ಏನನ್ನು ಮಾಡಲಾಯಿತೆಂಬುದನ್ನು ಹೇಳುತ್ತದೆ. ಬೇರೆ ಏನನ್ನು ಮಾಡಬಹುದಾಗಿತ್ತು, ಯಾರು ಅದನ್ನು ಸೂಚಿಸಿದರು, ಯಾವ ಮಾತನ್ನು ಯಾರು ಹೊಡೆದುಹಾಕಿದರು ಎಂಬುದೆಲ್ಲ ಕರಡಿನಲ್ಲಿ ಮಾತ್ರ ಸಿಗುವುದು. ಪತ್ರಾಗಾರದಲ್ಲಿ ಒಂದು ವಾರ ಕುಳಿತವನಿಗೂ ಗೊತ್ತು: ಕಡತದ ಹಿಂಬದಿಯ ಟಿಪ್ಪಣಿ, ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಆಕ್ಷೇಪಣೆ, ಒಪ್ಪಿಗೆ ದೊರೆಯದ ಪ್ರಸ್ತಾವ ಇವುಗಳಿಂದಲೇ ಆಡಳಿತದ ಇತಿಹಾಸಕ್ಕೆ ಜೀವ ಬರುವುದು. ಮೇಜಿನ ಗಣಕಯಂತ್ರಗಳು ಇವನ್ನು ಚೆನ್ನಾಗಿ ಕಾಪಾಡಿದವೆಂದು ಇದರರ್ಥವಲ್ಲ. ಹಳೆಯ ಯಂತ್ರಗಳನ್ನು ಹರಾಜಿನಲ್ಲಿ ಮಾರುವಾಗ ಅವುಗಳ ಡಿಸ್ಕುಗಳೊಡನೆ ಎಷ್ಟು ಕರಡುಗಳು ಹೋದವೋ ಲೆಕ್ಕವಿಟ್ಟವರಿಲ್ಲ. ಆದರೆ ಆ ನಾಶ ಅಲ್ಲೊಂದು ಇಲ್ಲೊಂದು ನಡೆಯುತ್ತಿದ್ದುದು. ಅಜಾಗರೂಕತೆಯಿಂದ ಎಷ್ಟೋ ಹಾಳಾದಂತೆ ಅಜಾಗರೂಕತೆಯಿಂದಲೇ ಎಷ್ಟೋ ಉಳಿಯುತ್ತಿತ್ತು. ಸಂಜೆಯ ಅಳಿಸುವಿಕೆಯಾದರೋ ಪದ್ಧತಿಯ ಅಂಗ. ಅದರಿಂದ ತಪ್ಪಿಸಿಕೊಳ್ಳುವ ಚೀಟಿಯಿಲ್ಲ.

ಕೇಂದ್ರೀಕರಣವನ್ನೇ ನಾವು ವಿರೋಧಿಸುತ್ತಿದ್ದೇವೆಂದು ಭಾವಿಸಬಾರದು. ಮೇಜು ಬೀರುಗಳ ಭೇದ ವಿರುದ್ಧ ದಿಕ್ಕಿನಲ್ಲಿಯೂ ಅಳಿಸಿಹೋಗಬಲ್ಲದು. ಅದಕ್ಕೆ ನಮ್ಮ ನಾಡಿನ ಶಾನುಭೋಗಿಕೆಯೇ ಸಾಕ್ಷಿ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಮಡಿಕೆಮಡಿಕೆಯಾಗಿ ಮಾಡಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರು. ಇಂದಿನ ಕಚೇರಿಯ ಕಡತ ಆ ಶಬ್ದವನ್ನೇ ಉಳಿಸಿಕೊಂಡಿದೆ. ಊರಿನ ಲೆಕ್ಕದ ಪುಸ್ತಕಗಳು ವಂಶಪಾರಂಪರ್ಯವಾಗಿ ಶಾನುಭೋಗರ ಮನೆಯಲ್ಲಿಯೇ ಇರುತ್ತಿದ್ದವು. ಊರಿಗೆ ಸೇರಿದ ಬೀರು ಒಬ್ಬರ ಮನೆಯ ಮೇಜಾಗಿದ್ದಿತು ಎನ್ನಬಹುದು. ಲೆಕ್ಕ ನೋಡಬೇಕಾದ ರೈತನು ಅವರ ಮರ್ಜಿಯನ್ನು ಕಾಯಬೇಕಾಗಿತ್ತು. ೧೯೬೧ರ ಶಾಸನ ೧೯೬೩ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಈ ಶತಮಾನದ ಆದಿಯಲ್ಲಿ ಭೂಮಿ ಯೋಜನೆಯ ಮೂಲಕ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಮೊದಲು ತಾಲ್ಲೂಕು ಕಚೇರಿಗಳಲ್ಲಿದ್ದ ಆ ದತ್ತಾಂಶ ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದ ಆಶ್ರಯಕ್ಕೆ ಬಂದಿತು. ರೈತನಿಗೆ ಇದರಿಂದ ಆದ ಅನುಕೂಲವನ್ನು ಅಲ್ಲಗಳೆಯುವುದು ಸಲ್ಲದು. ಪಹಣಿ ಬೀರುವಿನ ಕಾಗದ. ಅದು ಕೇಂದ್ರಕ್ಕೆ ಹೋದುದು ಯುಕ್ತವೇ ಆಗಿದೆ. ಅದೇ ತರ್ಕವನ್ನು ಮೇಜಿನ ಕಾಗದಕ್ಕೂ ಅನ್ವಯಿಸುವುದು ಮಾತ್ರ ಯುಕ್ತವಲ್ಲ.

ಭಾರತದಲ್ಲಿ ಈ ವಿಷಯಕ್ಕೆ ಶಾಸನದ ಆಧಾರವೂ ಇದೆ ಎಂಬುದನ್ನು ವರ್ಚುವಲ್ ಡೆಸ್ಕ್‌ಟಾಪನ್ನು ಕುರಿತ ಬರಹಗಳು ಸ್ಮರಿಸುವುದಿಲ್ಲ. ಕೇಂದ್ರ ಸರಕಾರದ ಕಚೇರಿಗಳಿಗೆ ಅನ್ವಯಿಸುವ ೧೯೯೩ರ ಸಾರ್ವಜನಿಕ ದಾಖಲೆಗಳ ಅಧಿನಿಯಮ, ಗಣಕಯಂತ್ರದಿಂದ ಉತ್ಪನ್ನವಾದ ಸಾಮಗ್ರಿಯನ್ನೂ ಸಾರ್ವಜನಿಕ ದಾಖಲೆಯ ಲಕ್ಷಣದಲ್ಲಿ ಸೇರಿಸಿದೆ. ವಿಧಿಸಿದ ಕ್ರಮದಿಂದಲ್ಲದೆ ಅಂಥ ದಾಖಲೆಯನ್ನು ನಾಶಪಡಿಸಕೂಡದೆಂದೂ, ಪ್ರತಿಯೊಂದು ಕಚೇರಿಯೂ ದಾಖಲೆಗಳ ಅಧಿಕಾರಿಯೊಬ್ಬನನ್ನು ನೇಮಿಸಬೇಕೆಂದೂ ಹೇಳಿದೆ. ಲಕ್ಷಣವಾಕ್ಯವನ್ನು ಅದರ ನೇರವಾದ ಅರ್ಥದಲ್ಲಿ ಓದಿದರೆ, ಗುಮಾಸ್ತನೊಬ್ಬನು ಕಚೇರಿಯ ಕೆಲಸದ ಮೇಲೆ ಕಲ್ಪಿತ ಯಂತ್ರದಲ್ಲಿ ಸಿದ್ಧಪಡಿಸಿದ ಕರಡೂ ಅದರೊಳಗೆ ಬರುತ್ತದೆ. ಹಾಗಾದರೆ ಸಂಜೆ ಯಂತ್ರ ತಾನಾಗಿಯೇ ಅಳಿಸಿಹೋಗುವಂತೆ ಮೂಲಪ್ರತಿಯನ್ನು ಸಿದ್ಧಪಡಿಸುವುದು ಕೇವಲ ತಾಂತ್ರಿಕ ನಿರ್ಣಯವಾಗಲಾರದು. ಅದು ದಾಖಲೆಗಳ ವಿಲೇವಾರಿಯ ನಿರ್ಣಯ. ಖರೀದಿಯ ಸಮಿತಿಯಲ್ಲಿ ತಾಂತ್ರಿಕ ಸದಸ್ಯನೂ ಹಣಕಾಸಿನ ಸದಸ್ಯನೂ ಕುಳಿತಿರುವಂತೆ ಆ ದಾಖಲೆಗಳ ಅಧಿಕಾರಿಯೂ ಕುಳಿತು, ಯಾವ ಜಾಗದಲ್ಲಿಟ್ಟುದು ಎಷ್ಟು ಕಾಲ ಉಳಿಯಬೇಕು, ಅದರ ನಕಲು ಯಾವ ಊರಿನಲ್ಲಿರಬೇಕು, ಕರಾರು ಮುಗಿದ ದಿನ ಅದು ಯಾರ ಕೈಗೆ ಬರಬೇಕು ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಬೇಕು. ಇವಕ್ಕೆ ಉತ್ತರವನ್ನು ಮೂಲಪ್ರತಿ ಸಿದ್ಧವಾಗುವ ಮೊದಲೇ ಕೇಳಬೇಕಾಗಿದೆ. ಆಮೇಲೆ ಕೇಳಿದರೆ ಅಳಿದುದನ್ನು ತೋರಿಸಲು ಯಾರಿಂದಲೂ ಆಗುವುದಿಲ್ಲ.